ಥಾರ್‌ಗೆ ಎಂಎಲ್‌ಡಿ ಬೇಕಾ, ಬ್ರೇಕ್ ಲಾಕಿಂಗ್ ಸಾಕಾ? ತೋಟದ ರಸ್ತೆಗೆ ಯಾವುದು ಸರಿ

ಮೂಡಿಗೆರೆ_ತೋಟ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಮಹೀಂದ್ರ ಥಾರ್ ಡೀಸೆಲ್ ಫೋರ್ ಬೈ ಫೋರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಎರಡು ಗಾಡಿ ನೋಡಿ ಇಟ್ಟಿದ್ದೇನೆ. ಒಂದು 2021ರದ್ದು. ಅದರ ಹಿಂದಿನ ಆಕ್ಸಲ್‌ಗೆ ಎಂಎಲ್‌ಡಿ, ಅಂದರೆ ಮೆಕಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದೆ. (ಡಿಫರೆನ್ಷಿಯಲ್ ಅಂದರೆ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು, ಎಂಎಲ್‌ಡಿ ಅದನ್ನು ಲಾಕ್ ಮಾಡುತ್ತದೆ.) ಇನ್ನೊಂದು 2023ರದ್ದು, ಅದರಲ್ಲಿ ಬ್ರೇಕ್ ಲಾಕಿಂಗ್ (ಜಾರುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವುದು) ಮಾತ್ರ. ಇದು ಕಡಿಮೆ ಓಡಿದೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಟಾರ್ ರಸ್ತೆಯಿಂದ ನಮ್ಮ ಮನೆಗೆ ಮಣ್ಣಿನ ದಾರಿ. ಕೆಂಪು ಜೇಡಿ ಮಣ್ಣು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಜಾರು. ನಡುವೆ ಒಂದು ಕಡಿದಾದ ಏರು, ಏರಿನ ತುದಿಯಲ್ಲೇ ತಿರುವು. ಮಳೆನೀರು ಹರಿದು ಒಂದು ಪಕ್ಕ ಆಳವಾಗಿ ಕೊರೆದಿದೆ. ಗೊಬ್ಬರದ ಮೂಟೆ, ಕೆಲಸದವರು, ಮನೆಯವರು ಎಲ್ಲರೂ ಇದೇ ಗಾಡಿಯಲ್ಲಿ ಹೋಗಬೇಕು. ಮಾರುವವರು "ಬ್ರೇಕ್ ಲಾಕಿಂಗ್ ಇದ್ದರೆ ಎಂಎಲ್‌ಡಿ ಬೇಡ, ಎರಡೂ ಒಂದೇ ಕೆಲಸ" ಅನ್ನುತ್ತಾರೆ. ನಿಜಾನಾ?

ಗೇರ್_ಪೆಟ್ಟಿಗೆ

ಒಂದೇ ಕೆಲಸ ಅಲ್ಲ ಸರ್. ಕೊನೆಗೆ ಸಿಗುವ ಫಲ ಕೆಲವು ಕಡೆ ಒಂದೇ ಇರಬಹುದು, ಆದರೆ ಕೆಲಸ ಮಾಡುವ ರೀತಿ ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಬಹುದು.

"ಜಾರುವ ಚಕ್ರಕ್ಕೇ ಎಲ್ಲ ಶಕ್ತಿ ಹೋಗುತ್ತದೆ" ಅಂತ ತುಂಬಾ ಜನ ಹೇಳುತ್ತಾರೆ. ಹಾಗಲ್ಲ. ಓಪನ್, ಅಂದರೆ ಲಾಕ್ ಇಲ್ಲದ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಯಾವಾಗಲೂ ಸಮ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ತೊಂದರೆ ಇರುವುದೇ ಅಲ್ಲಿ. ಎಡ ಚಕ್ರ ಕೆಸರಿನಲ್ಲಿದೆ, ಅದಕ್ಕೆ 100 ನ್ಯೂಟನ್ ಮೀಟರ್‌ಗಿಂತ ಜಾಸ್ತಿ ಹಿಡಿತ ಇಲ್ಲ ಅಂದುಕೊಳ್ಳಿ. ಬಲ ಚಕ್ರ ಗಟ್ಟಿ ನೆಲದಲ್ಲಿದ್ದು 600 ತಡೆಯಬಲ್ಲದು. ಆದರೂ ಅದಕ್ಕೆ ಸಿಗುವುದು 100 ಮಾತ್ರ. ಒಟ್ಟು 200ರಲ್ಲಿ ಗಾಡಿ ಏರು ಹತ್ತುವುದಿಲ್ಲ. ಎಷ್ಟು ರೇಸ್ ಕೊಟ್ಟರೂ ಎಡ ಚಕ್ರ ಇನ್ನಷ್ಟು ಜೋರಾಗಿ ತಿರುಗುತ್ತದೆ, ಅಷ್ಟೇ.

ಈಗ ಬ್ರೇಕ್ ಲಾಕಿಂಗ್. ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರ್‌ಗಳು ಎಡ ಚಕ್ರ ಜಾಸ್ತಿ ತಿರುಗುತ್ತಿರುವುದನ್ನು ನೋಡುತ್ತವೆ, ಸಿಸ್ಟಮ್ ಅದಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. 500ರಷ್ಟು ಬ್ರೇಕ್ ಬಿತ್ತು ಅನ್ನಿ. ಆಗ ಡಿಫರೆನ್ಷಿಯಲ್‌ಗೆ ಎಡ ಪಕ್ಕದಿಂದ 600ರ ತಡೆ ಸಿಕ್ಕಿದ ಹಾಗಾಯಿತು, ಬಲಕ್ಕೂ 600 ಹೋಗುತ್ತದೆ. ನೆಲಕ್ಕೆ ತಲುಪಿದ್ದು 100 ಮತ್ತು 600, ಒಟ್ಟು 700. ಆದರೆ ಎಂಜಿನ್ ಕಡೆಯಿಂದ ಬರಬೇಕಾದದ್ದು 1200. ಉಳಿದ 500 ಬ್ರೇಕ್‌ನಲ್ಲಿ ಬಿಸಿಯಾಗಿ ಹೋಯಿತು.

ಲಾಕರ್, ಅಂದರೆ ಡಿಫರೆನ್ಷಿಯಲ್ ಲಾಕ್ ಇದ್ದರೆ ಎರಡೂ ಚಕ್ರ ಒಂದೇ ದಂಡಕ್ಕೆ ಬೆಸೆದ ಹಾಗೆ ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನ ಚಕ್ರ 100 ತೆಗೆದುಕೊಳ್ಳುತ್ತದೆ, ಗಟ್ಟಿ ನೆಲದ ಚಕ್ರ 600 ತೆಗೆದುಕೊಳ್ಳುತ್ತದೆ. ನೆಲಕ್ಕೆ ಅದೇ 700. ಎಂಜಿನ್ ಕೊಡಬೇಕಾದದ್ದೂ 700 ಮಾತ್ರ. ಬ್ರೇಕ್ ಬಿಸಿಯಾಗುವುದಿಲ್ಲ.

ನಾನು ಕೊಟ್ಟ ಅಂಕಿಗಳು ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಇಟ್ಟುಕೊಂಡವು. ಆದರೆ ತತ್ವ ಇದೇ. ಬ್ರೇಕ್ ಲಾಕಿಂಗ್ ಇರುವ ಗಾಡಿಯನ್ನು ಏರಿನಲ್ಲಿ 4ಎಲ್‌ಗೆ (ಫೋರ್ ವೀಲ್‌ನ ನಿಧಾನದ, ಜಾಸ್ತಿ ಬಲದ ಗೇರ್) ಹಾಕಿಯೇ ಓಡಿಸಿ ಅಂತ ಹೇಳುವುದು ಇದಕ್ಕೇ. ಥಾರ್ ಡೀಸೆಲ್‌ನ ಟಾರ್ಕ್ 300. 4ಎಲ್‌ನಲ್ಲಿ ಅದು ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಆಗ ಬ್ರೇಕ್ ತಿಂದರೂ ಮಿಕ್ಕಿದ್ದು ಸಾಕಾಗುತ್ತದೆ.

ಬೆಂಗಳೂರು_ಬೋರ್‌ಗಲ್ಲು

ಸುಮ್ನೆ ಎಂಎಲ್‌ಡಿ ಇರುವ 2021ರ ಗಾಡಿ ತಗೊಳ್ಳಿ ಸರ್. ಬ್ರೇಕ್ ಲಾಕಿಂಗ್ ಅನ್ನುವುದು ಚಕ್ರ ಜಾರಿದ ಮೇಲೆ ಕೆಲಸ ಶುರು ಮಾಡುತ್ತದೆ. ಜೇಡಿ ಮಣ್ಣಿನ ಏರಿನಲ್ಲಿ ಚಕ್ರ ಒಮ್ಮೆ ಜಾರಿತು ಅಂದರೆ ಟೈರಿನ ಗೆರೆಗಳೊಳಗೆ ಮಣ್ಣು ತುಂಬಿ, ನೆಲ ನುಣುಪಾಗಿ, ಗಾಡಿಯ ಓಟವೂ ಹೋಗಿರುತ್ತದೆ. ಆಮೇಲೆ ಹಿಡಿತ ಬಂದು ಏನು ಪ್ರಯೋಜನ?

ಗೇರ್_ಪೆಟ್ಟಿಗೆ

ಮಾತು ಸರಿ. ಆದರೆ ಥಾರ್‌ನ ಎಂಎಲ್‌ಡಿ ಕೂಡ ಜಾರಿದ ಮೇಲೆಯೇ ಲಾಕ್ ಆಗುವಂಥದ್ದು. ಅದು ಈಟನ್ ಕಂಪನಿಯ ವಿನ್ಯಾಸ. ಸ್ವಿಚ್ ಇಲ್ಲ, ಡ್ರೈವರ್ ಕೈಯಲ್ಲಿ ಏನೂ ಇಲ್ಲ. ಎಡ ಬಲ ಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದಾಗ ಒಳಗಿನ ಸಣ್ಣ ತೂಕಗಳು ಹೊರಕ್ಕೆ ಸಿಡಿದು ಕೊಂಡಿಗೆ ಸಿಗುತ್ತವೆ. ಆಗ ಕ್ಯಾಮ್ ಪ್ಲೇಟ್ ಕ್ಲಚ್ ಪದರಗಳನ್ನು ಒತ್ತಿ ಎರಡೂ ಕಡೆ ಒಂದಾಗುತ್ತದೆ. ಕೆಳಗಿನಿಂದ "ಧಡ್" ಅಂತ ಸದ್ದು ಕೇಳಿಸುತ್ತದೆ, ಗಾಬರಿ ಬೀಳಬೇಡಿ. ಟಾರ್ ರಸ್ತೆಯಲ್ಲಿ ತೊಂದರೆ ಕೊಡಬಾರದು ಅಂತ ಸುಮಾರು 30 ಕಿಲೋಮೀಟರ್ ವೇಗ ದಾಟಿದರೆ ಲಾಕ್ ಆಗದ ಹಾಗೆ ಮಾಡಿದ್ದಾರೆ. ಫೋರ್ ವೀಲ್ ಹಾಕದೆ ಇದ್ದಾಗಲೂ ಇದು ಕೆಲಸ ಮಾಡುತ್ತದೆ.

ಅಂದರೆ ಎಂಎಲ್‌ಡಿ ಇದ್ದರೂ ಮೊದಲು ಒಂದು ಚಕ್ರ ಜಾರಲೇಬೇಕು. ಜಾರುವ ಮೊದಲೇ ಲಾಕ್ ಹಾಕಿಕೊಂಡು ಏರು ಹತ್ತಬೇಕು ಅಂದರೆ ಕೈಯಲ್ಲಿ ಹಾಕುವ ಲಾಕ್ ಬೇಕು. ಫೋರ್ಸ್ ಗುರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಅಂಥ ಲಾಕ್ ಇದೆ. 2024ರಲ್ಲಿ ಬಂದ ಥಾರ್ ರಾಕ್ಸ್ ಫೋರ್ ಬೈ ಫೋರ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಲಾಕ್ ಇದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನಲ್ಲೂ ಇದೆ.

ಭದ್ರಾ_ನಾಲೆ

ನಾನು ಥಾರ್ ಓಡಿಸುವವನಲ್ಲ, ಮಲೇಬೆನ್ನೂರು ಕಡೆ ಭತ್ತದ ಗದ್ದೆ. ಆದರೆ ಇದನ್ನೆಲ್ಲ ಓದುವಾಗ ನಮ್ಮ ಟ್ರ್ಯಾಕ್ಟರ್‌ನಲ್ಲಿ ಇವೆರಡೂ ಮೊದಲಿಂದ ಇವೆ ಅಲ್ವಾ ಅನ್ನಿಸಿತು.

ಟ್ರ್ಯಾಕ್ಟರ್‌ಗೆ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದೆ. ಗದ್ದೆಯಲ್ಲಿ ಒಂದು ಚಕ್ರ ಸುಮ್ನೆ ಸುತ್ತುತ್ತಿದ್ದರೆ ಆ ಪಕ್ಕದ ಬ್ರೇಕ್ ಮೆಲ್ಲಗೆ ಒತ್ತಿದರೆ ಇನ್ನೊಂದು ಚಕ್ರ ಎಳೆಯಲು ಶುರು ಮಾಡುತ್ತದೆ. ನೀವು ಹೇಳುವ ಬ್ರೇಕ್ ಲಾಕಿಂಗ್ ಅದೇ, ಕಾಲಿನ ಬದಲು ಕಂಪ್ಯೂಟರ್ ಒತ್ತುತ್ತದೆ. ಇನ್ನು ಸೀಟಿನ ಕೆಳಗೆ ಹಿಮ್ಮಡಿ ಹತ್ತಿರ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತದೆ. ಹೂತುಕೊಳ್ಳುವ ಮೊದಲೇ ಒತ್ತಬೇಕು. ಚಕ್ರ ಜೋರಾಗಿ ಸುತ್ತುವಾಗ ಒತ್ತಿದರೆ ಒಳಗಿನ ಹಲ್ಲು ಮುರಿಯುತ್ತದೆ. ಬದುವಿನ ಹತ್ತಿರ ತಿರುಗಿಸುವ ಮೊದಲು ಬಿಡಬೇಕು, ಬಿಡದಿದ್ದರೆ ಟ್ರ್ಯಾಕ್ಟರ್ ತಿರುಗುವುದಿಲ್ಲ, ನೇರ ಹೋಗುತ್ತದೆ. ಹೊಸ ಹುಡುಗರಿಗೆ ನಾವು ಮೊದಲು ಕಲಿಸುವುದೇ ಇದನ್ನು.

ಗೇರ್_ಪೆಟ್ಟಿಗೆ

@ಭದ್ರಾ_ನಾಲೆ ಅಣ್ಣ, ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಕಾರಿನ ಲಾಕ್‌ಗೂ ಇದೇ ನಿಯಮ. ಚಕ್ರ ನಿಂತಿರುವಾಗ ಅಥವಾ ನಿಧಾನಕ್ಕೆ ಹೋಗುವಾಗ ಹಾಕಬೇಕು.

ಗುರ್ಖಾ_ಹಾಸನ

ನನ್ನದು ಗುರ್ಖಾ. ಎರಡೂ ಲಾಕ್ ಇದೆ ಅಂತ ಎರಡನ್ನೂ ಹಾಕಿಕೊಂಡು ಓಡಾಡಬಾರದು. ಶೇಕಡ ತೊಂಬತ್ತು ಕಡೆ 4ಎಲ್ ಮತ್ತು ಒಳ್ಳೆಯ ಟೈರು ಸಾಕು. ಸಾಲದಿದ್ದರೆ ಹಿಂದಿನ ಲಾಕ್. ಮುಂದಿನದು ತೀರಾ ಕೊನೆಗೆ, ಅದೂ ನೇರ ದಾರಿಯಲ್ಲಿ. ಮುಂದಿನ ಲಾಕ್ ಬಿದ್ದರೆ ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಜೋರಾಗಿ ತಿರುಗಿಸಿ ರೇಸ್ ಕೊಟ್ಟರೆ ಮುಂದಿನ ಆಕ್ಸಲ್ ಜಾಯಿಂಟ್ ಹೋಗುತ್ತದೆ. ದೊಡ್ಡ ಖರ್ಚು.

ಮರ್ಸಿಡಿಸ್ ಜಿ ಕ್ಲಾಸ್‌ನಲ್ಲಿ ಮೂರು ಲಾಕ್ ಇದೆ. ಅಲ್ಲೂ ಮೊದಲು ನಡುವಿನದು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು. ಆ ಕ್ರಮ ಸುಮ್ನೆ ಇಟ್ಟಿದ್ದಲ್ಲ.

ಹೊಸ_ಸ್ಟೀರಿಂಗ್

ಒಂದು ಸಣ್ಣ ಪ್ರಶ್ನೆ. ಫೋರ್ ವೀಲ್ ಹಾಕಿದರೆ ನಾಲ್ಕೂ ಚಕ್ರ ಒಟ್ಟಿಗೆ ತಿರುಗುತ್ತದಲ್ವಾ? ಹಾಗಿದ್ದರೆ ಲಾಕ್ ಯಾಕೆ?

ಗೇರ್_ಪೆಟ್ಟಿಗೆ

ಇಲ್ಲ. ಥಾರ್, ಮಾರುತಿ ಜಿಮ್ನಿ, ಗುರ್ಖಾ ಇವೆಲ್ಲ ಪಾರ್ಟ್ ಟೈಮ್ ಫೋರ್ ವೀಲ್. ಲಿವರ್ ಹಾಕಿದಾಗ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಒಂದಕ್ಕೊಂದು ಗಂಟು ಬೀಳುತ್ತವೆ. ಆದರೆ ಪ್ರತಿ ಆಕ್ಸಲ್‌ನ ಎಡ ಬಲ ಇನ್ನೂ ಬೇರೆಯೇ. ಮುಂದೆ ಎಡ ಚಕ್ರ ಗಾಳಿಯಲ್ಲಿ, ಹಿಂದೆ ಬಲ ಚಕ್ರ ಗಾಳಿಯಲ್ಲಿ ಬಂದರೆ ಓಪನ್ ಡಿಫರೆನ್ಷಿಯಲ್ ಇರುವ ಫೋರ್ ಬೈ ಫೋರ್ ಅಲ್ಲೇ ನಿಲ್ಲುತ್ತದೆ. ಎರಡು ಚಕ್ರ ಗಾಳಿಯಲ್ಲಿ ಸುತ್ತುತ್ತವೆ, ಎರಡು ಅಲುಗಾಡುವುದಿಲ್ಲ. ಕೊರಕಲನ್ನು ಅಡ್ಡಡ್ಡ ದಾಟುವಾಗ ಆಗುವುದು ಇದೇ.

ಒಣ ಟಾರ್ ರಸ್ತೆಯಲ್ಲಿ ಇಂಥ ಗಾಡಿಗಳಿಗೆ ಫೋರ್ ವೀಲ್ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹಿಂದಿನದು ಕಡಿಮೆ. ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಆ ವ್ಯತ್ಯಾಸ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿನಲ್ಲಿ ಆದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ.

ಜಿಮ್ನಿ_ತೀರ್ಥಹಳ್ಳಿ

ಜಿಮ್ನಿಯ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದರಲ್ಲಿ ಲಾಕರ್ ಇಲ್ಲ, ಬ್ರೇಕ್ ಎಲ್‌ಎಸ್‌ಡಿ, ಅಂದರೆ ಬ್ರೇಕ್ ಲಾಕಿಂಗ್ ಥರದ್ದು ಮಾತ್ರ. ಗಾಡಿ ಸುಮಾರು 1200 ಕೆಜಿ, ಥಾರ್‌ಗಿಂತ ತುಂಬಾ ಹಗುರ. ಹಗುರ ಇರುವುದು ಕೆಸರಿನಲ್ಲಿ ದೊಡ್ಡ ಅನುಕೂಲ.

ಆದರೆ ಬ್ರೇಕ್ ಸಿಸ್ಟಮ್ ಇರುವ ಗಾಡಿ ಓಡಿಸುವವರು ಒಂದು ವಿಷಯ ಕಲಿಯಬೇಕು. ಚಕ್ರ ಜಾರಿ "ಕರ್ರ್ ಕರ್ರ್" ಅಂತ ಬ್ರೇಕ್ ಸದ್ದು ಬಂದಾಗ ಎಲ್ಲರೂ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು. ಕಾಲು ಅದೇ ಜಾಗದಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಒಂದೆರಡು ಸೆಕೆಂಡ್ ಚಕ್ರ ಸುತ್ತುತ್ತದೆ, ಆಮೇಲೆ ಬ್ರೇಕ್ ಹಿಡಿದು ಗಾಡಿ ಮೆಲ್ಲಗೆ ಎದ್ದು ಬರುತ್ತದೆ. ಕಾಲು ತೆಗೆದು ಮತ್ತೆ ಒತ್ತಿದರೆ ಸಿಸ್ಟಮ್ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕು. "ಬ್ರೇಕ್ ಲಾಕಿಂಗ್ ಕೆಲಸ ಮಾಡಲ್ಲ" ಅನ್ನುವವರಲ್ಲಿ ಬಹಳ ಮಂದಿ ಕಾಲು ತೆಗೆಯುವವರೇ.

ಬೆಂಗಳೂರು_ಬೋರ್‌ಗಲ್ಲು

ಇದನ್ನು ಒಪ್ಪುತ್ತೇನೆ. ಆದರೂ ಉದ್ದದ ಏರಿನಲ್ಲಿ ಆ ಬ್ರೇಕ್ ಬಿಸಿಯಾಗುತ್ತಾ ಹೋಗುತ್ತದಲ್ವಾ? ಜಾಸ್ತಿ ಬಿಸಿಯಾದರೆ ಸಿಸ್ಟಮ್ ತಾನಾಗಿ ನಿಂತು ತಣ್ಣಗಾಗುವವರೆಗೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಏರಿನ ಮಧ್ಯೆ ನೀವು. ಲಾಕರ್‌ಗೆ ಈ ಕಷ್ಟ ಇಲ್ಲ.

ದುಬೈ_ಕುಂದಾಪುರ

ಇಲ್ಲಿ ಮರಳಿನ ಕಥೆ ಬೇರೆ. ಅಬುಧಾಬಿಯ ಲಿವಾ ಮರುಭೂಮಿ ಕಡೆ ಮರಳಿಗೆ ಇಳಿಯುವ ಮೊದಲು ಎಲ್ಲರೂ ಮಾಡುವ ಕೆಲಸ ಎರಡು. ಟೈರಿನ ಗಾಳಿ 12ರಿಂದ 15 ಪಿಎಸ್‌ಐಗೆ ಇಳಿಸುವುದು, ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವುದು. ಯಾಕೆಂದರೆ ರಸ್ತೆಗೆ ಅಂತ ಮಾಡಿದ ಟ್ರ್ಯಾಕ್ಷನ್ ಕಂಟ್ರೋಲ್ ಬ್ರೇಕ್ ಹಾಕುವುದಷ್ಟೇ ಅಲ್ಲ, ಎಂಜಿನ್ ಶಕ್ತಿಯನ್ನೂ ಕಡಿಮೆ ಮಾಡುತ್ತದೆ. ಮರಳ ದಿಬ್ಬದ ಮಧ್ಯೆ ಎಂಜಿನ್ ಕುಗ್ಗಿದರೆ ಗಾಡಿ ಅಲ್ಲೇ ಕೂರುತ್ತದೆ.

ಊರಿನ ಕೆಸರಿಗೂ ಇದು ಸ್ವಲ್ಪ ಅನ್ವಯ. ಹಲವು ಗಾಡಿಗಳಲ್ಲಿ 4ಎಲ್‌ಗೆ ಹಾಕಿದ ಕೂಡಲೇ ಎಂಜಿನ್ ಕುಗ್ಗಿಸುವ ಭಾಗ ತಾನಾಗಿ ಆಫ್ ಆಗುತ್ತದೆ, ಬ್ರೇಕ್ ಹಾಕುವ ಭಾಗ ಮಾತ್ರ ಉಳಿಯುತ್ತದೆ. ನಿಮ್ಮ ಗಾಡಿಯ ಪುಸ್ತಕ ತೆಗೆದು ಈ ಒಂದು ಪುಟ ಓದಿಕೊಳ್ಳಿ.

ಕೊಡಗಿನ_ಜಿಪ್ಸಿ

ಮೂಡಿಗೆರೆಯವರೇ, ನಿಮ್ಮ ತಿರುವಿನ ಬಗ್ಗೆ ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಏರಿನ ತಿರುವು ಯಾವ ಕಡೆಗೆ ವಾಲಿದೆ? ಧರೆಯ ಕಡೆಗಾ, ಹೊರಗಿನ ಇಳಿಜಾರಿಗಾ? ಕೊರಕಲು ಯಾವ ಪಕ್ಕ?

ಮೂಡಿಗೆರೆ_ತೋಟ

ಹೊರಕ್ಕೆ ವಾಲಿದೆ ಸರ್. ಕೆಳಗೆ ತೋಟ, ಹತ್ತು ಹನ್ನೆರಡು ಅಡಿ ಇಳಿಜಾರು. ಕೊರಕಲು ಧರೆಯ ಪಕ್ಕ ಇದೆ. ಅದಕ್ಕೇ ಎಲ್ಲರೂ ಹೊರಗಿನ ಅಂಚಿಗೆ ಸರಿದು ಹೋಗುತ್ತಾರೆ.

ಕೊಡಗಿನ_ಜಿಪ್ಸಿ

ಹಾಗಾದರೆ ಎಂಎಲ್‌ಡಿ ಬಗ್ಗೆ ಎರಡು ಸಲ ಯೋಚನೆ ಮಾಡಿ. ಹೇಳುತ್ತೇನೆ ಕೇಳಿ.

ಪಕ್ಕಕ್ಕೆ ವಾಲಿದ ಜಾರು ನೆಲದಲ್ಲಿ ಗಾಡಿಯನ್ನು ಕೆಳಗೆ ಬೀಳದಂತೆ ಹಿಡಿದಿರುವುದು ಯಾವುದು? ಸುತ್ತದೆ ಮೆಲ್ಲಗೆ ಉರುಳುತ್ತಿರುವ ಚಕ್ರ. ಸುತ್ತುವ ಚಕ್ರಕ್ಕೆ ಪಕ್ಕದ ಹಿಡಿತ ಇರುವುದಿಲ್ಲ. ಓಪನ್ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ಸುಮ್ಮನಿದ್ದು ಹಿಂಭಾಗವನ್ನು ಹಿಡಿದುಕೊಂಡಿರುತ್ತದೆ. ಗಾಡಿ ಮೇಲೆ ಹೋಗದಿದ್ದರೂ ಕೆಳಗೂ ಹೋಗುವುದಿಲ್ಲ. ಲಾಕ್ ಬಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ. ಆಗ ಹಿಂಭಾಗ ಇಳಿಜಾರಿನ ಕಡೆಗೆ ಜಾರುತ್ತದೆ. ಜೊತೆಗೆ ಲಾಕ್ ಆದ ಹಿಂದಿನ ಆಕ್ಸಲ್ ಗಾಡಿಯನ್ನು ನೇರ ತಳ್ಳುತ್ತದೆ, ನೀವು ತಿರುಗಿಸಬೇಕು ಅಂದ ಕಡೆಗೆ ಮೂತಿ ಬರುವುದಿಲ್ಲ. ಏರಿನ ತುದಿಯಲ್ಲಿ ತಿರುವು, ಹೊರಕ್ಕೆ ವಾಲು, ಕೆಳಗೆ ಇಳಿಜಾರು. ಮೂರೂ ಅಲ್ಲಿ ಒಟ್ಟಿಗೆ ಇದೆ.

ಕೈಯಲ್ಲಿ ಹಾಕುವ ಲಾಕ್ ಆದರೆ ನೇರ ಏರಿನಲ್ಲಿ ಹಾಕಿ, ತಿರುವಿಗೆ ಮೊದಲು ತೆಗೆಯಬಹುದು. ಎಂಎಲ್‌ಡಿಗೆ ನೀವು ಹೇಳಿದಂತೆ ಕೇಳುವ ಅಭ್ಯಾಸ ಇಲ್ಲ. ತಿರುವಿನ ಮಧ್ಯೆಯೇ ಧಡ್ ಅಂತ ಲಾಕ್ ಆಗಬಹುದು, ನೀವು ಆಕ್ಸಿಲರೇಟರ್ ಒತ್ತಿರುವಷ್ಟು ಹೊತ್ತು ಹಾಗೇ ಇರಬಹುದು.

ನಮ್ಮ ಕಡೆ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಹಳೆಯ ಜೀಪುಗಳನ್ನು ನೋಡಿರಬಹುದು. ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವವೂ ಹಾಗೆಯೇ. ಅವರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅನ್ನುವುದು ಗೊತ್ತಿದೆ, ಅಷ್ಟರಲ್ಲೇ ಮಳೆಗಾಲ ಕಳೆಯುತ್ತಾರೆ. ಅವರ ಪಕ್ಕ ಕುಳಿತು ಒಮ್ಮೆ ಹೋಗಿ ಬನ್ನಿ. ಚಕ್ರವನ್ನು ಗಾಳಿಗೆ ಎತ್ತದ ಹಾಗೆ ಚಕ್ರ ಹೋಗುವ ಜಾಡು ಆರಿಸುವುದನ್ನು ನೋಡಿ ಕಲಿಯಬೇಕು.

ಬೆಂಗಳೂರು_ಬೋರ್‌ಗಲ್ಲು

ಬ್ರೇಕ್ ಲಾಕಿಂಗ್ ಇದ್ದರೂ ಎರಡೂ ಚಕ್ರಕ್ಕೆ ಟಾರ್ಕ್ ಹೋಗುತ್ತದಲ್ಲ? ಆಗಲೂ ಪಕ್ಕಕ್ಕೆ ಜಾರಬಹುದು.

ಕೊಡಗಿನ_ಜಿಪ್ಸಿ

ಜಾರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಮೆಲ್ಲಗೆ ಹಿಡಿದು ಬಿಟ್ಟು ಕೆಲಸ ಮಾಡುತ್ತದೆ, ಕಾಲು ತೆಗೆದ ತಕ್ಷಣ ಬಿಡುತ್ತದೆ. ತಿರುವಿನಲ್ಲಿ ನನಗೆ ಅದು ಹೆಚ್ಚು ನಂಬಿಕೆ ಕೊಡುತ್ತದೆ. ನೇರ ಏರು, ಗಟ್ಟಿ ಕಲ್ಲು, ಚಕ್ರ ಗಾಳಿಗೆ ಏಳುವ ಜಾಗ ಅಂದರೆ ನಾನೂ ಲಾಕರ್ ಪರವೇ.

ಗದಗ_ಎರಿಹೊಲ

ನಮ್ಮ ಕಡೆ ಎರಿ ಮಣ್ಣು ರೀ. ಲಾಕರ್ ಇರಲಿ, ಏನೇ ಇರಲಿ, ದೊಡ್ಡ ಮಳೆ ಬಂದರೆ ನಾಲ್ಕೂ ಗಾಲಿಗೆ ಮಣ್ಣು ಮೆತ್ತಿ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯೇ ತಿರುಗುವುದಿಲ್ಲ. ಲಾಕರ್ ಕೆಲಸ ಮಾಡಬೇಕಾದರೆ ಒಂದು ಗಾಲಿಗಾದರೂ ಹಿಡಿತ ಇರಬೇಕಲ್ರೀ. ನಾಲ್ಕಕ್ಕೂ ಇಲ್ಲ ಅಂದರೆ ಲಾಕ್ ಹಾಕಿದವನು ನಾಲ್ಕು ಕಡೆ ಗುಂಡಿ ತೋಡಿಕೊಳ್ಳುತ್ತಾನೆ. ನಾವು ಬಿಸಿಲು ಬೀಳುವವರೆಗೆ ಗಾಡಿ ತೆಗೆಯುವುದಿಲ್ಲ.

ಹೊಸ_ಸ್ಟೀರಿಂಗ್

ಹೊರಗಿನಿಂದ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಪೂರ್ತಿ ಲಾಕ್ ಆಗದೆ ಜಾರುವುದನ್ನು ಮಿತಿಯಲ್ಲಿ ಇಡುವುದು) ಹಾಕಿಸಿಕೊಂಡರೆ? ಲಾಕರ್‌ಗಿಂತ ಮೃದು ಅಂತ ಕೇಳಿದ್ದೇನೆ.

ಗೇರ್_ಪೆಟ್ಟಿಗೆ

ಮೃದು ಹೌದು. ಎರಡು ಬಗೆ ಇದೆ. ಕ್ಲಚ್ ಇರುವುದು ಕಾಲಕ್ರಮೇಣ ಸವೆಯುತ್ತದೆ, ಅದಕ್ಕೆ ಬೇರೆ ಆಯಿಲ್ ಬೇಕು. ಮಾಮೂಲಿ ಗೇರ್ ಆಯಿಲ್ ಹಾಕಿದರೆ ತಿರುವಿನಲ್ಲಿ ಗರಗರ ಅನ್ನುತ್ತದೆ. ಇನ್ನೊಂದು ಟಾರ್ಸೆನ್ ಥರ ಗೇರ್‌ನಲ್ಲೇ ಕೆಲಸ ಮಾಡುವುದು. ಅದು ಜಾರುವ ಚಕ್ರಕ್ಕೆ ಇರುವ ಹಿಡಿತದ ಇಷ್ಟು ಪಟ್ಟು ಅಂತ ಇನ್ನೊಂದಕ್ಕೆ ಕೊಡುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಸೊನ್ನೆಯ ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ಅಮೆರಿಕದ ಸೈನ್ಯದ ಹಮ್ವೀಯಲ್ಲಿ ಟಾರ್ಸೆನ್ ಇದೆ. ಚಕ್ರ ಗಾಳಿಗೆ ಎದ್ದಾಗ ರೇಸ್ ಕೊಡುತ್ತಲೇ ಬ್ರೇಕ್ ಮೆಲ್ಲಗೆ ಒತ್ತಿ ಅಂತ ಅವರ ಡ್ರೈವರ್‌ಗಳಿಗೆ ಕಲಿಸುತ್ತಾರೆ. ಆ ಸ್ವಲ್ಪ ತಡೆ ಸಿಕ್ಕರೆ ಇನ್ನೊಂದು ಚಕ್ರಕ್ಕೆ ಅದರ ಹಲವು ಪಟ್ಟು ಹೋಗುತ್ತದೆ.

ತೋಟದ ಗಾಡಿಗೆ ಹೊರಗಿನಿಂದ ಹಾಕಿಸುವ ಮಟ್ಟಕ್ಕೆ ಹೋಗಬೇಕಾಗಿಲ್ಲ. ಆ ದುಡ್ಡನ್ನು ಟೈರಿಗೆ ಹಾಕಿ.

ಮೂಡಿಗೆರೆ_ತೋಟ

ಎಲ್ಲರಿಗೂ ಧನ್ಯವಾದ. ತಿರುವಿನ ಬಗ್ಗೆ ಓದಿದ ಮೇಲೆ ಮನೆಯಲ್ಲೂ ಮಾತಾಡಿದೆವು. ಕೆಲಸದವರನ್ನು ಕೂರಿಸಿಕೊಂಡು ಹೋಗುವ ಗಾಡಿ, ಅಲ್ಲಿ ಹಿಂಭಾಗ ಜಾರುವುದು ನನಗೆ ಬೇಡ. 2023ರ ಬ್ರೇಕ್ ಲಾಕಿಂಗ್ ಗಾಡಿ ತೆಗೆದುಕೊಳ್ಳುತ್ತೇನೆ. ಮಳೆಗೆ ಮೊದಲು ಕೊರಕಲಿಗೆ ಕಾಡುಗಲ್ಲು ತುಂಬಿಸಿ, ನೀರು ಧರೆಯ ಬುಡದಲ್ಲೇ ಹರಿದು ಹೋಗುವ ಹಾಗೆ ಚರಂಡಿ ತೆಗೆಸುತ್ತೇನೆ. ಆಗ ಯಾರೂ ಹೊರ ಅಂಚಿಗೆ ಸರಿಯಬೇಕಾಗಿಲ್ಲ. ಗಾಡಿ ನೋಡುವಾಗ ಏನೇನು ಗಮನಿಸಬೇಕು ಹೇಳಿ.

ಗೇರ್_ಪೆಟ್ಟಿಗೆ

ಒಳ್ಳೆಯ ನಿರ್ಧಾರ. ದಾರಿ ಸರಿ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಬ್ರೇಕ್ ಲಾಕಿಂಗ್ ಗಾಡಿ ಆದ್ದರಿಂದ ಮೊದಲು ಬ್ರೇಕ್ ನೋಡಿ. ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಡ್ರಮ್ ಒಳಗೆ ಕೆಸರು ಕೂತಿದೆಯಾ ನೋಡಿ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ತೆಗೆದ ಕೂಡಲೇ ಬದಲಿಸಿ, ಬಿಸಿಗೆ ಅದೇ ಮೊದಲು ಸೋಲುವುದು. ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್ ದೀಪ ಉರಿಯುತ್ತಿದ್ದರೆ ಬ್ರೇಕ್ ಲಾಕಿಂಗ್ ಕೂಡ ಇಲ್ಲ ಅಂತಲೇ ಲೆಕ್ಕ. ಕೆಸರಿನಲ್ಲಿ ಓಡಿದ ಗಾಡಿಗಳಲ್ಲಿ ಚಕ್ರದ ಹತ್ತಿರದ ಸೆನ್ಸರ್ ವೈರು ಕಿತ್ತುಹೋಗಿರುವುದು ಜಾಸ್ತಿ, ನಾಲ್ಕೂ ಕಡೆ ಬಗ್ಗಿ ನೋಡಿ. ನಾಲ್ಕೂ ಟೈರು ಒಂದೇ ಸೈಜು, ಒಂದೇ ಮಟ್ಟದ ಸವೆತ ಇರಬೇಕು. 4ಎಲ್ ಹಾಕಿ ಹತ್ತು ಮೀಟರ್ ಮಣ್ಣಿನಲ್ಲಿ ಓಡಿಸಿ, ತೆಗೆದಾಗ ಸಲೀಸಾಗಿ ಬಿಡುತ್ತದಾ ನೋಡಿ.

ಮಳೆಗಾಲಕ್ಕೆ ಮಣ್ಣಿನ ದಾರಿಯಲ್ಲಿ ಗಾಳಿ 20 ಪಿಎಸ್‌ಐ ಹತ್ತಿರ ಇಳಿಸಿದರೆ ಸಾಕು. ಆದರೆ ಮೂಟೆ ಹೇರಿದ್ದಾಗ ಅಷ್ಟು ಇಳಿಸಬೇಡಿ. ಟಾರ್ ರಸ್ತೆ ಹತ್ತುವ ಮೊದಲು ಮತ್ತೆ ತುಂಬಲೇಬೇಕು.

ಮೂಡಿಗೆರೆ_ತೋಟ

ಗಾಳಿ ತುಂಬಲು ಅಲ್ಲಿ ಪೆಟ್ರೋಲ್ ಬಂಕ್ ಹತ್ತಿರ ಇಲ್ಲ ಸರ್. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಸಾಕಾ?

ಜಿಮ್ನಿ_ತೀರ್ಥಹಳ್ಳಿ

ಸಾಕು. ಆದರೆ ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸುವಂಥದ್ದು ಬೇಡ, ದೊಡ್ಡ ಟೈರಿಗೆ ತುಂಬಾ ಹೊತ್ತು ಓಡಿ ಫ್ಯೂಸ್ ಹೋಗುತ್ತದೆ. ನೇರ ಬ್ಯಾಟರಿಗೆ ಕ್ಲಿಪ್ ಹಾಕುವುದನ್ನು ತೆಗೆದುಕೊಳ್ಳಿ. ಎಂಜಿನ್ ಚಾಲೂ ಇಟ್ಟು ತುಂಬಿಸಿ. ಪ್ರೆಶರ್ ಗೇಜ್ ಬೇರೆಯಾಗಿ ಒಂದು ಇಟ್ಟುಕೊಳ್ಳಿ, ಕಂಪ್ರೆಸರ್ ಮೇಲಿನ ಮುಳ್ಳನ್ನು ಪೂರ್ತಿ ನಂಬಲು ಆಗುವುದಿಲ್ಲ.